ಮೋಟಾರಿಗೆ ಕಟ್ಟಿದ ಉಣ್ಣೆ

ಕುಂಭಾರಿಯ ಮಲಕಾಜಪ್ಪನ ಕಿವಿ ಒಂದು ಕಾಲಕ್ಕೆ ಎಂಥದಿತ್ತು ಅಂತೀರಿ! ಅಡವಿಯಲ್ಲಿ ಕಂಬಳಿ ಹೊದ್ದು ಮಲಗಿದ್ದರೂ, ಕೊರಳಗಂಟೆ ಕೇಳಿಯೇ ಯಾವ ಕುರಿ ಹಿಂಡು ಬಿಟ್ಟು ಸರಿಯಿತು ಎಂದು ಹೇಳುತ್ತಿದ್ದ. ಅಂಥವನು ಲಗ್ನವಾದ ಮೇಲೆ ಕುರಿಯನ್ನೆಲ್ಲ ಅಣ್ಣನಿಗೆ ಬಿಟ್ಟು, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಕಲ್ಯಾಣಪ್ಪ ಸಾವಕಾರರ ಟಾವೆಲ್ ಕಾರಖಾನೆ ಸೇರಿದ. ಗಂಡ ದಿನಾ ಸಂಜೆ ಮನೆಗೆ ಬರುತ್ತಾನೆಂದು ಹೆಂಡತಿ ಸುಗಲಾಬಾಯಿಗೆ ಹಿಗ್ಗೋ ಹಿಗ್ಗು.

ತಗಡಿನ ಶೆಡ್ಡಿನೊಳಗೆ ಹತ್ತಿಪ್ಪತ್ತು ಮಗ್ಗ ಒಮ್ಮೆಲೇ ಬಡಿದರೆ ಪಕ್ಕದವನ ಜೊತೆ ಕೈಸನ್ನೆಯಲ್ಲೇ ಮಾತು. ಹೀಗಾಗಿ ಕಿವಿ ಯಾವಾಗ ಹೋಯಿತೋ ಮಲಕಾಜಪ್ಪನಿಗೇ ತಿಳಿಯಲಿಲ್ಲ. ಬಸ್ಸು ಕಣ್ಣಿಗೆ ಬಿದ್ದ ಮೇಲೇ ಬಂತೆಂದು ಗೊತ್ತಾಗತೊಡಗಿದಾಗ ತಿಳಿಯಿತು. ಯಾರಿಗೂ ಹೇಳಲಿಲ್ಲ. ಕಿವುಡನನ್ನು ಯಂತ್ರದ ಹತ್ತಿರ ಯಾರು ನಿಲ್ಲಿಸಿಕೊಳ್ಳುತ್ತಾರೆ? ಮನೆಯಲ್ಲಿ ಸುಗಲಾಬಾಯಿ ಒಲೆಯ ಮುಂದಿನಿಂದ ಏನಾದರೂ ಕೇಳಿದರೆ ಉತ್ತರವಿಲ್ಲ. ಮೊದಲು ಸಿಟ್ಟು ಬಂದಿರಬೇಕು ಅಂದುಕೊಂಡಳು. ಆಮೇಲೆ ತಾನೇ ಬೇಡಾಗಿರಬೇಕು ಅಂದುಕೊಂಡಳು. ಅವಳೂ ಮಾತು ಕಡಿಮೆ ಮಾಡಿದಳು.

ಎಪ್ಪತ್ಮೂರರ ಸುಮಾರಿಗೆ ಕರೆಂಟಿನ ಕೊರತೆಯ ಕಾಟ ಸುರುವಾಯಿತು. ಸಾವಕಾರರು ಒಂದು ದಿನ ಎಲ್ಲರನ್ನೂ ಮೀಟರಿನ ಮುಂದೆ ನಿಲ್ಲಿಸಿದರು. ಮಗ್ಗ ನಿಲ್ಲಿಸಿ, ಮೋಟಾರನ್ನು ಮಾತ್ರ ಹಾಗೇ ತಿರುಗಲು ಬಿಟ್ಟರು. ನೇಯುವಾಗ ಓಡುತ್ತಿದ್ದ ಮೀಟರಿನ ಚಕ್ರ ಸಾವಕಾಶವಾಯಿತು, ನಿಲ್ಲಲಿಲ್ಲ. ನೇಯದಿದ್ದರೆ ಕರೆಂಟೂ ಖರ್ಚಾಗುವುದಿಲ್ಲ ಎಂದೇ ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದರು.

"ನಿನ್ನ ಕುರಿ ನಡಿಯೂದು ಬಿಟ್ಟು ನಿಂತರ, ಮೇಯೂದೂ ಬಿಡತಾವೇನು ಮಲಕಾಜಿ? ಇದೂ ಹಂಗ," ಅಂದರು ಸಾವಕಾರರು.

ಎಲ್ಲರೂ ನಕ್ಕರು. ಅವರ ತುಟಿ ನೋಡಿ ಅರ್ಥಮಾಡಿಕೊಂಡ ಮಲಕಾಜಪ್ಪನೂ ನಕ್ಕ. ಇನ್ನು ಮೇಲೆ ಖಾಲಿ ಮೋಟಾರು ಬಿಟ್ಟುಹೋದವನಿಗೆ ಕೆಲಸವಿಲ್ಲ ಎಂದೂ ಅವರು ಹೇಳಿದರು. ಆಗ ಅವನ ನಗು ನಿಂತಿತು.

ಅವನ ಮೋಟಾರನ್ನು ನಿಲ್ಲಿಸುವ ಬಟನ್ ಹಳೆಯದು. ಒತ್ತಿದರೂ ಒಮ್ಮೊಮ್ಮೆ ಹಿಡಿಯುತ್ತಿರಲಿಲ್ಲ. ಉಳಿದವರಿಗಾದರೆ ಪಾಳಿ ಮುಗಿದು ಶೆಡ್ಡು ಸುಮ್ಮನಾದಾಗ ಗುಂಯ್ ಅನ್ನುವ ಸಪ್ಪಳ ಕೇಳಿದರೆ ಸಾಕು. ಇವನೇನು ಮಾಡಬೇಕು? ಅಣ್ಣನ ಕುರಿಯಿಂದ ಒಂದು ಹಿಡಿ ಉಣ್ಣೆ ತಂದು, ಮೋಟಾರಿನ ಹಿಂದಿನ ಪಂಖದ ಜಾಳಿಗೆ ಕಟ್ಟಿದ. ಮೋಟಾರು ತಿರುಗಿದರೆ ಗಾಳಿಗೆ ಉಣ್ಣೆ ನಡುಗುವುದು, ನಿಂತರೆ ಜೋತು ಬೀಳುವುದು. ಕುರುಬರ ದೇವರು ಬೀರೋಬಾನ ಹೆಸರಿಲೆ ಕಟ್ಟಿದ್ದೇನೋ ಎಂದು ಜನ ಕೇಳಿದರು. ಹೌದಂದ. ಹಾದುಹೋಗುವಾಗ ಸಾವಕಾರರೂ ಅದಕ್ಕೆ ಕೈಮುಗಿಯುತ್ತಿದ್ದರು.

ಹೀಗೆ ನೌಕರಿ ನಡೆದಿರುವಾಗ ಒಂದು ಖಂಡೇನವಮಿ ಬಂತು. ಪದ್ಧತಿಯಂತೆ ಎಲ್ಲರ ಮನೆಮಂದಿಯೂ ಮಗ್ಗದ ಪೂಜೆಗೆ ಬಂದರು, ಸುಗಲಾಬಾಯಿಯೂ ಬಂದಳು. ಸಾವಕಾರರ ತಾಯಿ ಗುರುಲಿಂಗಮ್ಮನವರು ಅಕ್ಕಲಕೋಟದಿಂದ ಎಸ್‌ಟಿ ಬಸ್ಸಿನಲ್ಲಿ ಬುಟ್ಟಿ ತುಂಬ ಶೇವಂತಿಗೆ ತಂದಿದ್ದರು. ಮಗ್ಗಗಳಿಗೆ ಮಾಲೆ ಹಾಕುತ್ತ ಬಂದ ಆ ಮುದುಕಿ, ಎಣ್ಣೆ ಮೆತ್ತಿ ಕರ್ರಗಾದ ಉಣ್ಣೆ ಕಂಡರು. ದೇವರದನ್ನು ಹೀಗೆ ಹೊಲಸಾಗಿ ಇಡಬಾರದೆಂದು ಬಿಚ್ಚಿ, ಕೈಮುಗಿದು, ಹಿತ್ತಲ ಬಾವಿಯ ನೀರಿಗೆ ಬಿಟ್ಟರು. ಅದೇ ಜಾಗದಲ್ಲಿ ದಪ್ಪ ಮಾಲೆ ಕಟ್ಟಿದರು.

ಅಂದು ನೇಯುವಂತಿಲ್ಲ. ಮೋಟಾರು ಒಂದು ಗಳಿಗೆ ಖಾಲಿ ತಿರುಗಿಸಿ, ನಿಲ್ಲಿಸಿ, ಕಣ್ಣು ಮುಚ್ಚಿ ಕೈಮುಗಿಯಬೇಕು. ಹೊರಗೆ ತೆಂಗಿನಕಾಯಿ ಒಡೆದು ಬಂದ ಮಲಕಾಜಪ್ಪ ತನ್ನ ಮೋಟಾರು ನೋಡಿದರೆ ಉಣ್ಣೆ ಕಾಣಲಿಲ್ಲ. ಕೈಯಿಟ್ಟು ನೋಡೋಣವೆಂದರೆ ಅರಿಷಿಣ ಕುಂಕುಮ ಏರಿಸಿದ್ದಾರೆ, ಮುಟ್ಟುವಂತಿಲ್ಲ. ಎಲ್ಲರೂ ನಿಲ್ಲಿಸಿದಾಗ ತಾನೂ ಬಟನ್ ಬಿಗಿಯಾಗಿ ಒತ್ತಿದ. ಭಾರದ ಮಾಲೆ ಅಲುಗದೆ ಜೋತಿತ್ತು. ನಿಂತಿತೆಂದು ನಂಬಿ ಕಣ್ಣು ಮುಚ್ಚಿದ.

ಶೆಡ್ಡು ಸುಮ್ಮನಾಯಿತು. ಒಂದೇ ಮೋಟಾರು ಗುಂಯ್ ಅನ್ನುತ್ತಿತ್ತು.

"ಮಲಕಾಜಿ, ನಿಂದು ನಡದೈತಿ ನೋಡು," ಅಂದರು ಸಾವಕಾರರು ಹಿಂದಿನಿಂದ. ಮತ್ತೊಮ್ಮೆ ಜೋರಾಗಿ ಅಂದರು. "ಮಾವಾಗ ನಿಂತಲ್ಲೇ ನಿದ್ದಿ ಹತ್ತೇತಿ," ಎಂದು ಯಾರೋ ನಗೆಯಾಡಿದರು. ಸುಗಲಾಬಾಯಿ ಅವನ ಬೆನ್ನ ಹಿಂದೆ ಬಂದು, ಒಲೆಯ ಮುಂದಿನಿಂದ ಕರೆಯುತ್ತಿದ್ದ ದನಿಯಲ್ಲೇ "ಏನ್ರಿ" ಅಂದಳು. ಅವನು ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಲೇ ಇದ್ದ. ಅವಳು ಅವನ ಕಿವಿಯನ್ನೇ ನೋಡಿದಳು.

ಸಾವಕಾರರೇ ಬಟನ್ ಒತ್ತಿ ನಿಲ್ಲಿಸಿದರು. ಕಣ್ಣು ತೆರೆದ ಮಲಕಾಜಪ್ಪನಿಗೆ ಎಲ್ಲರ ಮುಖ ತನ್ನ ಕಡೆ ತಿರುಗಿದ್ದು ಕಂಡಿತು. ಯಾರಾದರೂ ಕೇಳುವ ಮೊದಲೇ ಕಿವಿಯ, ಉಣ್ಣೆಯ ವಿಷಯವನ್ನೆಲ್ಲ ಹೇಳಿಬಿಟ್ಟ. ಆರತಿ ತಟ್ಟೆ ಹಿಡಿದಿದ್ದ ಗುರುಲಿಂಗಮ್ಮನವರು ಬಾವಿಯ ಕಡೆ ನೋಡಿದರು.

"ಕರೆಂಟಿಂದು ಹೋಗಲಿ ಬಿಡು," ಅಂದರು ಸಾವಕಾರರು, ಅವನ ಎದುರಿಗೆ ನಿಂತು. "ನಾಳಿಗೆ ಯಾರದರ ಕೈ ಸಿಕ್ಕು ಚೀರಿದರ ನಿನಗ ಕೇಳಂಗಿಲ್ಲಲ್ಲ."

ಟಾವೆಲ್ ಮಡಚಿ ಘಡಿ ಮಾಡುವ ಕೋಣೆಯಲ್ಲಿ ಕೆಲಸ ಕೊಡುತ್ತೇನೆಂದರು. ಆ ಕೋಣೆಯಲ್ಲಿ ಮಗ್ಗವಿಲ್ಲ, ಎಲ್ಲರೂ ದಿನವಿಡೀ ಮಾತಾಡಿಕೊಂಡೇ ಕೆಲಸ ಮಾಡುತ್ತಾರೆ. ಮಲಕಾಜಪ್ಪ ಬೇಡವೆಂದು ಕೈಮುಗಿದ.

ಊರಿಗೆ ಹೋಗುವ ಬಸ್ಸಿನಲ್ಲಿ ಸುಗಲಾಬಾಯಿ, "ನಾ ನಿಮಗ ಬ್ಯಾಡಾಗೀನಿ ಅಂತ ತಿಳಕೊಂಡಿದ್ನಿರಿ," ಅಂದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

ಮತ್ತೆ ಅಣ್ಣನ ಕುರಿ ಕಾಯತೊಡಗಿದ. ಮೊದಲ ದಿನ ಒಂದು ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ, ಮರಳಿ ಕುರಿಯ ಕೊರಳಿಗೆ ಕಟ್ಟಿದ. ಅಲ್ಲಿಂದ ಮುಂದೆ ಅಡವಿಯಲ್ಲಿ ಅವನು ಮಲಗಲಿಲ್ಲ, ಕಣ್ಣು ಹಿಂಡಿನ ಮೇಲೆಯೇ. ಸುಗಲಾಬಾಯಿ ಬುತ್ತಿ ತಂದರೆ ಹಿಂದಿನಿಂದ ಕರೆಯುವುದಿಲ್ಲ. ಹಿಂಡನ್ನೆಲ್ಲ ಸುತ್ತು ಹಾಕಿ, ಎದುರಿಗೆ ಬಂದು, ಅವನು ತಲೆ ಎತ್ತುವವರೆಗೂ ಬಿಸಿಲಿನಲ್ಲಿ ನಿಲ್ಲುತ್ತಾಳೆ.