ಮಹಾಂತಮ್ಮನ ಮಂಡಿಪೀಠ

ಮಹಾಂತಮ್ಮನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಮಾತು ನಿಧಾನವಾಗುತ್ತದೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದಷ್ಟು ಕಾಲವೂ, ಶಿವಮೊಗ್ಗಕ್ಕೆ ಮಗನ ಮನೆಗೆ ಬಂದ ಮೇಲೂ, ಇಷ್ಟಲಿಂಗದ ಪೂಜೆಯಾಗದೆ ಅವರು ಹನಿ ನೀರು ಮುಟ್ಟಿದವರಲ್ಲ. ಈಚೆಗೆ ಸೊಂಟ ಹಿಡಿದು ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿರಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು, ಆದರೆ ಎಡಗೈ ನಡುಗತೊಡಗಿತ್ತು. ಅಂಗೈಯ ಮೇಲಿನ ಲಿಂಗ ಎಲ್ಲಿ ಜಾರಿ ಬೀಳುತ್ತದೋ ಎಂಬ ಭಯಕ್ಕೆ ಪೂಜೆಯಲ್ಲಿ ಮನಸ್ಸೇ ನಿಲ್ಲದು.

"ಊಟದ ಟೇಬಲ್ ಮೇಲೆ ಕೈಯೂರ್ಕೊಂಡು ಮಾಡಮ್ಮ," ಎಂದಿದ್ದ ಮಗ ವಿಜಯೇಂದ್ರ. ಎಂಜಲು ಬೀಳುವ ಜಾಗದಲ್ಲಿ ಲಿಂಗಪೂಜೆಯಂತೆ. ಇವನು ಸಮಾಜದ ಸಂಘಕ್ಕೆ ಕಾರ್ಯದರ್ಶಿ ಬೇರೆ.

ದಾರಿ ತೋರಿಸಿದ್ದು ಕ್ವಾರ್ಟರ್ಸಿನ ಹಳೆಯ ನೆರೆಯಾಕೆ ಆರೋಗ್ಯಮ್ಮ. ಆಕೆ ಏಸುವಿನ ಪಟದೆದುರು ಮಂಡಿಯೂರಿ ಜಪಮಾಲೆ ಹಿಡಿಯುತ್ತಿದ್ದ ಮರದ ಪೀಠವೊಂದಿತ್ತು: ಕೆಳಗೆ ಮಂಡಿಗೆ ಮೆತ್ತೆ, ಎದುರಿಗೆ ಮೊಣಕೈ ಊರಲು ಹಲಗೆ.

"ನಂಗೆ ಮಂಡಿ ಹೋಯ್ತು, ನಿಂಗೆ ಸೊಂಟ ಹೋಯ್ತು. ತಗೊಂಡೋಗು ಮಾರಾಯ್ತಿ, ನಾನು ಚೇರಲ್ಲಿ ಕೂತೇ ಮಾತಾಡ್ತೀನಿ ದೇವರ ಹತ್ರ," ಎಂದು ಆಟೋದಲ್ಲಿ ಹಾಕಿ ಕಳಿಸಿದಳು.

ಆ ಹಲಗೆಯ ಮೇಲೆ ಮೊಣಕೈ ಊರಿದ ದಿನ ಲಿಂಗ ಅಲುಗಲಿಲ್ಲ. ಮಹಾಂತಮ್ಮ ಅತ್ತುಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದರೆ ದೇವರಕೋಣೆಯಲ್ಲಿ ಪೀಠವೇ ಇಲ್ಲ. ಹುಡುಕಿದರೆ ಹೊರಗೆ ವರಾಂಡದಲ್ಲಿತ್ತು. ಮೆತ್ತೆಯ ಮೇಲೆ ಮಗನ ಬೂಟು.

"ಸಂಘದವರು ಬರ್ತಿದಾರಮ್ಮ. ದೇವರಕೋಣೇಲಿ ಚರ್ಚಿನ ಸಾಮಾನು ನೋಡಿದ್ರೆ ಏನಂತಾರೆ?"

"ಒಬ್ಬಳು ಜೀವಮಾನವೆಲ್ಲ ದೇವರನ್ನ ಕರೆದ ಜಾಗ ಕಣೋ ಅದು. ಅದರ ಮೇಲೆ ಬೂಟು ಇಟ್ಟಿದೀಯ," ಎಂದರು ಮಹಾಂತಮ್ಮ, ಒಂದೊಂದೇ ಮಾತು ಬಿಡಿಸಿಟ್ಟು. "ನಾನು ಮಂಡಿ ಎಲ್ಲೂರ್ತೀನಿ ಅಂತ ವಿಚಾರ್ಸೋಕೆ ಬಂದ್ಯಲ್ಲ, ನಿನ್ನ ಲಿಂಗ ಎಲ್ಲಿದೆ ತೋರ್ಸು."

ವಿಜಯೇಂದ್ರನ ಕೈ ಕೊರಳ ತನಕ ಹೋಗಿ ಅಲ್ಲೇ ನಿಂತಿತು. ಮೊನ್ನೆಯಷ್ಟೇ ಸಭೆಯಲ್ಲಿ, ಲಿಂಗವನ್ನು ಮೈಮೇಲಿಂದ ಇಳಿಸಬೇಡಿ ಎಂದು ಭಾಷಣ ಬಿಗಿದು ಬಂದ ಮಹಾನುಭಾವ. ಅವನ ಲಿಂಗದ ಕರಡಿಗೆ ಯಾವ ಡ್ರಾಯರಿನಲ್ಲಿ ಬಿದ್ದಿದೆಯೋ ಅವನಿಗೇ ನೆನಪಿಲ್ಲ.

"ಬೂಟು ತೆಗಿ."

ತೆಗೆದ. ಮಹಾಂತಮ್ಮ ಮೆತ್ತೆ ಒರೆಸಿದರು, ಕೈ ತೊಳೆದು ಬಂದರು, ವರಾಂಡದಲ್ಲೇ ಮಂಡಿಯೂರಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಅಷ್ಟರಲ್ಲಿ ಗೇಟು ತೆರೆಯಿತು. ಒಳಬಂದ ಸಂಘದ ಹಿರಿಯರು ಅಂಗೈಯ ಲಿಂಗ ಕಂಡಿದ್ದೇ ಚಪ್ಪಲಿ ಕಳಚಿ, ಸದ್ದಿಲ್ಲದೆ ಕೈ ಮುಗಿದು ನಿಂತರು. ಪೀಠದ ಕಡೆ ಯಾರೂ ನೋಡಲಿಲ್ಲ.

ತಾನೂ ಕೈ ಮುಗಿಯೋಣವೆಂದರೆ, ವಿಜಯೇಂದ್ರನ ಎರಡೂ ಕೈಯಲ್ಲಿ ಬೂಟುಗಳಿದ್ದವು.