ನೆಗೆಣ್ಣಿಯ ಮೊಮ್ಮಗಳಿಗೆ ದೃಷ್ಟಿ ತೆಗೆದದ್ದು

ನನ್ನ ನೆಗೆಣ್ಣಿಯ ಮೊಮ್ಮಗಳು ಕಬಡ್ಡಿ ಚೆನ್ನಾಗಿ ಆಡುತ್ತಾಳೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಬರೆಯದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ನಾನು ಮೂರನೇ ಇಯತ್ತೆ ಓದಿದವಳು. ಬೆಟಗೇರಿಯಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಸೀರೆ ನೇಯ್ದು ಬದುಕಿದೆ. ನನ್ನ ಮೈದುನ ಮಗ್ಗ ಬಿಟ್ಟು, ಹೆಂಡತಿಯನ್ನು, ಅಂದರೆ ನನ್ನ ನೆಗೆಣ್ಣಿಯನ್ನು, ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟ. ನಾವು ನೇಯ್ದದ್ದನ್ನು ಅವರು ಮಾರಿದರು. ನೆಗೆಣ್ಣಿಯ ಬೆನ್ನು ಇಂದಿಗೂ ನೆಟ್ಟಗಿದೆ, ನನ್ನದು ಬಾಗಿದೆ.

ಕಬಡ್ಡಿ ನನಗೆ ಮೊದಲಿನಿಂದ ಹುಚ್ಚು. ಮೈದಾನದಲ್ಲಿ ಸುಣ್ಣದ ಗೆರೆ ಬಿತ್ತೆಂದರೆ ಒಲೆ ಆರಿಸಿ ಹೋಗಿ ಮುಂದೆ ಕೂರುವವಳು. ಈಗ ನನ್ನ ಮೊಮ್ಮಗಳೇ ಬೆಟಗೇರಿ ತಂಡದಲ್ಲಿ ಮೂಲೆಗೆ ನಿಲ್ಲುತ್ತಾಳೆ. ರೇಡಿಗೆ ಬಂದವರ ಕಾಲು ಹಿಡಿದಳೆಂದರೆ ಬಿಡುವವಳಲ್ಲ.

ಕಳೆದ ಚಳಿಗಾಲ ನಮ್ಮ ಮೈದಾನದಲ್ಲೇ ಹುಡುಗಿಯರ ಪಂದ್ಯ ಇಟ್ಟಿದ್ದರು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಎಲ್ಲರೂ ಎಲ್ಲರ ಜೊತೆ ಆಡಬೇಕು, ಮೇಲಿನ ಎರಡು ತಂಡ ಫೈನಲ್‌ಗೆ. ನಮ್ಮವರು ಶಿರಹಟ್ಟಿಯನ್ನೂ ಮುಂಡರಗಿಯನ್ನೂ ಸೋಲಿಸಿದರು. ಲಕ್ಷ್ಮೇಶ್ವರದ ಮುಂದೆ ಮಾತ್ರ ಮಣ್ಣು ಮುಕ್ಕಿದರು, ಅದೂ ನೆಗೆಣ್ಣಿಯ ಮೊಮ್ಮಗಳ ಕೈಯಲ್ಲಿ. ಆ ಹುಡುಗಿ ಬರುವುದು, ಮುಟ್ಟುವುದು, ಹೋಗುವುದು, ನಮ್ಮವರು ಧೂಳು ಹಿಡಿದುಕೊಂಡು ಬೀಳುವುದು. ಆಟದ ಕೊನೆಯಲ್ಲಿ ಅವಳ ಕಾಲು ಉಳುಕಿತು. ನನಗೆ ಖುಷಿಯಾಯಿತು.

ಖುಷಿ ಒಂದು ಚಹಾ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಶಿರಹಟ್ಟಿ ಎಲ್ಲರಿಗೂ ಸೋತಿತ್ತು, ಉಳಿದದ್ದು ಲಕ್ಷ್ಮೇಶ್ವರ ಮತ್ತು ಮುಂಡರಗಿಯ ಆಟ. ಲಕ್ಷ್ಮೇಶ್ವರ ಗೆದ್ದರೆ ಅವರೂ ನಾವೂ ಫೈನಲ್‌ಗೆ. ಮುಂಡರಗಿ ಗೆದ್ದರೆ ಮೂರು ತಂಡ ಸಮ, ಆಗ ಅಂಕ ನೋಡುತ್ತಾರೆ. ನಾವು ಲಕ್ಷ್ಮೇಶ್ವರಕ್ಕೆ ಸೋತ ರೀತಿ ನೋಡಿದರೆ ಮನೆಗೆ ಹೋಗುವವರು ನಾವೇ. ನಮ್ಮನ್ನು ಕೆಡವಿದ ಹುಡುಗಿಯೇ ಎದ್ದು ಆಡಿ ಗೆಲ್ಲಬೇಕು!

ಬೇವಿನ ಗಿಡದ ಕೆಳಗೆ ನೆಗೆಣ್ಣಿ ಮೊಮ್ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಹೆಂಗೈತಿ ಕಾಲು?" ಎಂದೆ.

"ಹೆಂಗಿರತೈತ್ರಿ ಅಕ್ಕಾರ? ಆಟ ಮುಗಿಯೂತನಕ ನೀವು ರೆಪ್ಪಿ ಬಡೀಲಾರದ ನೋಡಿದ್ರಿ. ದೃಷ್ಟಿ ಆಗೇತಿ."

"ಸೊಟ್ಟ ಹೆಜ್ಜಿ ಇಟ್ರ ಉಳಕತೈತಿ. ನನ್ನ ಕಣ್ಣೇನು ಕಲ್ಲೇನು, ಬಂದು ಬಡ್ಯಾಕ?"

"ಈ ಸಲ ಆಕಿನ್ನ ಕೂಡ್ರಸ್ತೇವಿ ಬಿಡ್ರಿ. ನಮಗೇನ, ಹೆಂಗೂ ಫೈನಲ್ ಐತಿ."

ಆ 'ನಮಗೇನ' ಅಂದದ್ದು ಎದೆಗೆ ನಾಟಿತು. ಹುಡುಗಿ, "ಕಟ್ಟು ಬಿಗದ್ರ ಆಡ್ತೇನಿ" ಅಂದಳು. ನೆಗೆಣ್ಣಿ ಕೇಳಲಿಲ್ಲ.

"ಆಡಾಕ ಬಿಡು," ಎಂದೆ. ಬೇಡಿದ ಹಾಗೆಯೇ ಕೇಳಿಸಿತು.

"ಬಿಡ್ತೇನ್ರಿ. ಆದ್ರ ದೃಷ್ಟಿ ಕಣ್ಣು ಹಾಕಿದವರ ಕೈಲಿಂದನ ಇಳೀಬೇಕು. ನೀವ ಇಳಸ್ರಿ."

ಮೈದಾನದ ಅಂಚಿನ ಮಿರ್ಚಿ ಬಜ್ಜಿ ಅಂಗಡಿಯಿಂದ ಉಪ್ಪು, ಒಣ ಮೆಣಸಿನಕಾಯಿ ತಂದೆ. ಮುಷ್ಟಿ ಹಿಡಿದು ಆ ಹುಡುಗಿಯ ತಲೆಯಿಂದ ಕಾಲಿನವರೆಗೆ ನಿವಾಳಿಸಿದೆ. "ಊರ ಕಣ್ಣು, ಓಣಿ ಕಣ್ಣು, ಹಾದ್ಯಾಗ ಹೋಗೋರ ಕಣ್ಣು..."

"ನೆಗೆಣ್ಣಿ ಕಣ್ಣು ಅನ್ರಿ," ಎಂದು ನೆಗೆಣ್ಣಿಯೇ ತಿದ್ದಿದಳು. ಲಕ್ಷ್ಮೇಶ್ವರದ ಹುಡುಗಿಯರೆಲ್ಲ ನಕ್ಕರು. ಹಿಂದೆ ನನ್ನ ಮೊಮ್ಮಗಳೂ ನಕ್ಕಿದ್ದು ಕೇಳಿಸಿತು.

"ನೆಗೆಣ್ಣಿ ಕಣ್ಣು," ಎಂದೆ, ಹಲ್ಲು ಕಚ್ಚಿ.

ಮುಷ್ಟಿಯಲ್ಲಿದ್ದದ್ದನ್ನು ಅಂಗಡಿಯ ಒಲೆಗೆ ಹಾಕಬೇಕು. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ, ಆಗಿಲ್ಲದಿದ್ದರೆ ನಿಂತವರೆಲ್ಲ ಕೆಮ್ಮುತ್ತಾರೆ. ಕೆಮ್ಮಲಿ ದೇವರೇ ಎಂದು ನಿಂತೆ. ಮೆಣಸಿನಕಾಯಿ ಚಟಚಟ ಸಿಡಿಯಿತು. ಒಬ್ಬರೂ ಕೆಮ್ಮಲಿಲ್ಲ.

"ನೋಡಿದ್ರಿಲ್ಲೋ!" ಎಂದಳು ನೆಗೆಣ್ಣಿ.

"ಕಾಯಿ ಹಳೇವು," ಎಂದೆ.

ಅಂಗಡಿಯವನು ಸುಮ್ಮನಿರಬೇಕೋ ಬೇಡವೋ? "ಏ ಯಮ್ಮಾ, ಬ್ಯಾಡಗಿ ಕಾಯಿ, ನಿನ್ನೆ ತಂದೇನಿ," ಅಂದ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದು ನನಗೆ ನೆನಪಾದದ್ದು ಮನೆಗೆ ಹೋದ ಮೇಲೆ. ಗುಂಟೂರು ಕಾಯಿ ಆಗಿದ್ದರೆ ಬೆಟಗೇರಿಗೆ ಬೆಟಗೇರಿಯೇ ಕೆಮ್ಮುತ್ತಿತ್ತು.

ಕಾಲಿಗೆ ಕಟ್ಟು ಬಿಗಿದುಕೊಂಡು ಹುಡುಗಿ ಇಳಿದಳು. ನಾನು ಲಕ್ಷ್ಮೇಶ್ವರಕ್ಕಾಗಿ ಕೂಗಿದೆ. ನನ್ನದೇ ಗಂಟಲು, ನನ್ನದೇ ಬಾಯಿ: "ಹೋಗು, ಮುಟ್ಟು, ಬಿಡಬ್ಯಾಡ!" ಮುಂಡರಗಿಯವರು ಜಾರಿ ಬಿದ್ದು ಸೋಲಲಿ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಆ ಹುಡುಗಿಯೇ ಗೆಲ್ಲಿಸಿದಳು. ಕೊನೆಯ ರೇಡಿನಲ್ಲಿ ಮೂವರು ಮೈಮೇಲೆ ಬಿದ್ದರೂ ಬೆರಳ ತುದಿಯಿಂದ ನಡುಗೆರೆ ಮುಟ್ಟಿದಳು. ಗೆಲ್ಲಲಿ, ನಮಗೆ ಬೇಕಾದದ್ದೇ ಅದು. ಆದರೆ ಅಷ್ಟು ಚೆಂದವಾಗಿ ಗೆಲ್ಲಬೇಕಿತ್ತೇ? ನನ್ನ ಮೊಮ್ಮಗಳು ಓಡಿ ಹೋಗಿ ಮೊದಲು ಅವಳನ್ನೇ ಅಪ್ಪಿಕೊಂಡಳು. ನನ್ನ ಕಡೆ ಆಮೇಲೆ ಬಂದಳು.

ಸಂಜೆ ಫೈನಲ್. ನೆಗೆಣ್ಣಿ ಪಕ್ಕದಲ್ಲೇ ಕೂರಿಸಿಕೊಂಡಳು. "ನಮ್ಮಾಕಿ ರೇಡಿಗೆ ಹೋದಾಗ ಮುಖಕ್ಕ ಸೆರಗು ಹಾಕ್ಕೋರಿ ಅಕ್ಕಾರ." ಹಾಕಿಕೊಂಡೆ. ನಾನೇ ನೇಯ್ದ ಸೀರೆ, ಸೆರಗು ತೆಳು, ಎಲ್ಲಾ ಕಾಣುತ್ತಿತ್ತು. ಆಟ ಸಮ ಸಮ ನಡೆದು ಕೊನೆಗೆ ನನ್ನ ಮೊಮ್ಮಗಳು ಆ ಹುಡುಗಿಯ ಕಾಲು ಹಿಡಿದಳು. ಕಟ್ಟು ಕಟ್ಟಿದ ಕಾಲು ಕೈಗೆ ಹತ್ತಿರವಿತ್ತು. ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದಳು. ಆ ಹುಡುಗಿ ಎಳೆದುಕೊಂಡು ಹೋಗಿ ಗೆರೆ ಮುಟ್ಟಿಬಿಟ್ಟಳು. ಸೋತೆವು.

"ಉಳುಕಿದ್ದ ಕಾಲು ಹಿಡೀಬೇಕಿತ್ತಲೇ!" ಎಂದು ಮೊಮ್ಮಗಳಿಗೆ ಬೈದೆ.

"ಆಯಿ, ಆ ಕಾಲಿಗೆ ನೀನ ಅಲ್ಲ, ದೃಷ್ಟಿ ತಗದಾಕಿ?"

ನೆಗೆಣ್ಣಿ ಬಿಸಿ ಮಿರ್ಚಿ ತಂದು ಕೈಗಿಟ್ಟಳು. ಕಚ್ಚಿದೆ. ಒಳಗಿನ ಹಸಿಮೆಣಸು ನೆತ್ತಿಗೇರಿ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು.

"ಈಗ ಹೋತು ನೋಡ್ರಿ, ದೃಷ್ಟಿ," ಎಂದು ಬೆನ್ನು ತಟ್ಟಿದಳು.

"ಎಲ್ಲಿ ಹೋಗತೈತಿ," ಎಂದೆ. ಆ ಹುಡುಗಿ ಗೆದ್ದ ಕಪ್ ಎತ್ತಿಕೊಂಡು ನಿಂತಿದ್ದಳು, ನಮ್ಮಾಕಿಗಿಂತ ಒಂದು ಗೇಣು ಎತ್ತರ.