ಹಗೇವಿಗೆ ಇಳಿಸಿದ ನೊಣಗಳು

ನನಗೆ ಒಂದೆಡೆ ಕೂತು ಗೊತ್ತಿಲ್ಲ. ಆ ಬೇಸಿಗೆಯಲ್ಲಂತೂ ಮಸೂತಿ ಊರಿನ ನಮ್ಮ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ. ಕೈಯಲ್ಲಿ ಹತ್ತಿ ತುರುಕಿದ ಗಾಜಿನ ನಳಿಕೆ, ಅದರೊಳಗೆ ಹಣ್ಣಿನ ನೊಣಗಳು. ಅವನ್ನು ಹೊಸ ಲ್ಯಾಬಿಗೆ ಒಯ್ಯುವ ದಾರಿಯಲ್ಲಿ ಊರಿಗೆ ಬಂದಿದ್ದೆ.

ಆ ನೊಣಗಳ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರವನ್ನು ಕತ್ತರಿಸಿ ಬದಲಿಸಿದ್ದೆ. ಅಕ್ಷರ ಬದಲಾದರೆ ಏನು ಕೆಡುತ್ತದೆಂದು ನೋಡಿದಾಗ ತಾನೇ ಆ ಜೀನಿನ ಕೆಲಸ ತಿಳಿಯುವುದು? ಎರಡು ವರ್ಷದ ದುಡಿಮೆ. ಉಳಿದ ನಳಿಕೆಗಳೆಲ್ಲ ಬೂಸು ಹಿಡಿದು ಹಾಳಾಗಿದ್ದವು. ಇದೊಂದೇ ಉಳಿದಿತ್ತು, ಬಿಸಿಲಿಗೆ ಇದೂ ಹೋಗುವುದರಲ್ಲಿತ್ತು.

ಕರೆಂಟು ಬೆಳಿಗ್ಗೆಯೇ ಹೋಗಿತ್ತು. ನೀರಿನ ಗಡಿಗೆಯ ಪಕ್ಕ ಇಟ್ಟೆ, ತೆಗೆದೆ, ಹಸಿ ಬಟ್ಟೆ ಸುತ್ತಿದೆ, ಬಿಚ್ಚಿದೆ.

"ಆ ನೊಣಕ್ಕರ ಸುಮ್ಮ ಕುಂಡ್ರಾಕ ಬಿಡವಾ," ಅಂದಳು ಅವ್ವ.

ಹಿತ್ತಲಲ್ಲಿ ಅಪ್ಪ ಹಗೇವು ತೆರೆದಿದ್ದ. ಜೋಳ ತುಂಬಿಡುವ ನೆಲದಡಿಯ ಕಣಜ ಅದು. ಬಾಯಿಯ ಕಲ್ಲು ಸರಿಸಿ, "ಸಂಜಿ ಮಟಾ ಯಾರೂ ಅತ್ತಾಗ ಹೋಗಬ್ಯಾಡ್ರಿ" ಎಂದು ಹೇಳಿ ಹೊಲಕ್ಕೆ ಹೋಗಿದ್ದ. ಬಗ್ಗಿದರೆ ಮುಖಕ್ಕೆ ತಂಪು ಹೊಡೆಯಿತು. ಇಷ್ಟು ತಂಪು ಸುಮ್ಮನೆ ಹಾಳಾಗುತ್ತಿದೆಯಲ್ಲ ಅನಿಸಿ, ನಳಿಕೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟೆ.

ಕಾಲು ಗಂಟೆಯೂ ತಡೆಯಲಾಗಲಿಲ್ಲ. ಎಳೆದರೆ ಬುಟ್ಟಿ ಒಳಗೋಡೆಯ ಕಲ್ಲಿಗೆ ಸಿಕ್ಕಿಕೊಂಡಿತು. ನಾನೇ ಇಳಿಯೋಣವೆಂದು ವೇಲನ್ನು ಸೊಂಟಕ್ಕೆ ಬಿಗಿದು ಒಂದು ಕಾಲು ಒಳಗಿಟ್ಟಿದ್ದೆ. ಅಷ್ಟರಲ್ಲಿ ಹೊಲದಿಂದ ಬಂದ ಅಪ್ಪ ನನ್ನ ರಟ್ಟೆ ಹಿಡಿದು ದರದರ ಎಳೆದ.

"ಗಾಳಿ ಬಿಡ್ಲಾರದ ಹಗೇವಿಗೆ ಇಳಿತಾರೇನ? ಇಷ್ಟ ಸಾಲಿ ಕಲ್ತು ಏನ್ ಬಂತು?"

"ನನ್ನ ನೊಣ ಒಳಗ ಅದಾವಪ್ಪಾ!" ನಾನೂ ಚೀರಿದೆ.

ಅವನು ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದ. ಒಂದು ಮಾರು ಹೋಗುವಷ್ಟರಲ್ಲಿ ದೀಪ ಆರಿತು. ಆಮೇಲೆ ಉದ್ದನೆಯ ಕೊಕ್ಕೆಗೋಲು ತಂದು ಬುಟ್ಟಿ ಬಿಡಿಸಿ ಮೇಲೆತ್ತಿದ.

ನೊಣಗಳೆಲ್ಲ ಅಂಗಾತ ಬಿದ್ದಿದ್ದವು. ನೋಡಿದ ಕೂಡಲೇ ಗುರುತು ಹತ್ತಿತು. ಲ್ಯಾಬಿನಲ್ಲಿ ದಿನಾ ಇಂಗಾಲದ ಡೈಆಕ್ಸೈಡ್ ಬಿಟ್ಟು ನಾನೇ ಅವನ್ನು ಹೀಗೆ ಎಚ್ಚರ ತಪ್ಪಿಸಿ ಕೆಡವುತ್ತೇನೆ. ಮುಚ್ಚಿದ ಹಗೇವಿನಲ್ಲಿ ಜೋಳ ಉಸಿರಾಡಿ ತುಂಬುವುದೂ ಅದೇ ಗಾಳಿ. ಹುಟ್ಟಿದ ಮನೆಯಲ್ಲಿ ಅದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾನೂ ಇಳಿದಿದ್ದರೆ ಎಂಬ ಹೆದರಿಕೆ ನಾಚಿಕೆಗಿಂತ ಹೆಚ್ಚು. ಹಗೇವಿನ ಬಾಯಿಂದ ದೂರ ಸರಿದು ಕೂತೆ.

ಅಪ್ಪನೂ ಪಕ್ಕದಲ್ಲಿ ಕೂತು ಮತ್ತೆ ನನ್ನ ರಟ್ಟೆ ಹಿಡಿದ. ಸ್ವಲ್ಪ ಹೊತ್ತಿಗೆ ಒಂದು ನೊಣ ಕಾಲಾಡಿಸಿತು. ಆಮೇಲೆ ಇನ್ನೊಂದು. ಒಂದೊಂದಾಗಿ ಎದ್ದು ಗಾಜು ಹತ್ತತೊಡಗಿದವು.

"ಬದುಕಿದವಪ್ಪಾ," ಅಂದೆ.

ಅಪ್ಪ ನಳಿಕೆಯ ಕಡೆ ನೋಡಲೇ ಇಲ್ಲ. ರಟ್ಟೆಯನ್ನೂ ಬಿಡಲಿಲ್ಲ.